ಮುಮ್ಮಡಿಯವರೂ ಹೊನ್ನಾಳಿಯ ಬಾಗಿಲೂ

ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕವಿಗಳಿಗೆ ಆಶ್ರಯವಿತ್ತವರು, ತಾವೇ ಗ್ರಂಥಗಳನ್ನು ರಚಿಸಿ ರಚಿಸಿಸಿದವರು, ಚದುರಂಗದ ಮನೆಗಳಲ್ಲಿ ಕುದುರೆಯನ್ನು ಓಡಿಸುವ ವಿದ್ಯೆಯಲ್ಲಿ ಎಣೆಯಿಲ್ಲದವರು, ಚಾಮುಂಡಿ ಬೆಟ್ಟದ ಗೋಪುರವನ್ನು ಕಟ್ಟಿಸಿದವರು ಎಂದು ಪ್ರಾಥಮಿಕ ಶಾಲೆಯಿಂದಲೂ ನಾವು ಓದಿಕೊಂಡು ಬಂದಿದ್ದೇವೆ. ಈ ವರ್ಷದ ಸಂಚಿಕೆಗೆ ನಾಡಿನ ಹಿರಿಯರೊಬ್ಬರ ಜೀವನವನ್ನು ಬರೆದುಕೊಡು ಎಂದು ನಮ್ಮ ಇತಿಹಾಸದ ಮೇಷ್ಟ್ರು ಹೇಳಿದಾಗ ನಾನು ಅವರನ್ನೇ ಆರಿಸಿಕೊಂಡದ್ದು ಆ ಧೈರ್ಯದಿಂದಲೇ. ಸಾಮಗ್ರಿ ಹೇರಳವಾಗಿದೆ, ನಾಲ್ಕು ದಿನದ ಕೆಲಸ ಎಂದುಕೊಂಡಿದ್ದೆ. ಆದರೆ ಓದುತ್ತ ಹೋದಂತೆ ದಾರಿ ಮೈಸೂರಿನ ಅರಮನೆಯಿಂದ ಹೊರಟು ನನ್ನ ಸ್ವಂತ ಸೀಮೆಗೇ ಬಂದು ನಿಂತಿತು. ನಾನು ಸೂಳೆಕೆರೆಯ ಕೆಳಗಿನ ಒಂದು ಹಳ್ಳಿಯವನು. ನಮ್ಮ ಕೆರೆಯ ಏರಿಯಿಂದ ಬಸವಾಪಟ್ಟಣ ದೂರವಲ್ಲ. ಅಲ್ಲಿಂದ ಹೊನ್ನಾಳಿಯೂ ಬಹಳ ದೂರವಲ್ಲ. ಈ ಎರಡು ಊರುಗಳ ಹೆಸರು ಮುಮ್ಮಡಿಯವರ ಜೀವನದ ನಟ್ಟನಡುವೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಅವರು ಜನಿಸಿದ್ದು 1794ನೆಯ ಇಸವಿ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಆಳ್ವಿಕೆ ಟಿಪ್ಪು ಸುಲ್ತಾನನದು. 1796ರಲ್ಲಿ ತಂದೆ ತೀರಿಹೋದ ಮೇಲೆ ಎರಡು ವರ್ಷದ ಮಗುವಿಗೆ ಆ ಹೆಸರಿನ ಪಟ್ಟವೂ ದೊರೆಯಲಿಲ್ಲ. ಅರಮನೆಯ ಹೆಂಗಸರನ್ನೂ ಮಗುವನ್ನೂ ಒಂದು ಸಾಮಾನ್ಯ ಮನೆಗೆ ಕಳುಹಿಸಲಾಯಿತು. ದೊರೆತನದ ಯಾವ ಲಕ್ಷಣವೂ ಇಲ್ಲದ ಬಾಲ್ಯವದು. ಆ ಮಗುವಿನ ಪರವಾಗಿ ವರ್ಷಗಟ್ಟಲೆ ಗುಟ್ಟಾಗಿ ಇಂಗ್ಲಿಷರೊಡನೆ ಮಾತುಕತೆ ನಡೆಸಿದವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರು. ಅವರ ಜೀವನವೇ ಬೇರೊಂದು ಲೇಖನಕ್ಕೆ ವಸ್ತುವಾಗತಕ್ಕದ್ದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಐದು ವರ್ಷವೂ ತುಂಬದ ಬಾಲಕನನ್ನು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಿದರು. ಹಳೆಯ ಅರಮನೆ ಪಾಳುಬಿದ್ದಿದ್ದರಿಂದ ಚಪ್ಪರ ಹಾಕಿ ಪಟ್ಟಾಭಿಷೇಕ ನಡೆಸಬೇಕಾಯಿತು. ರಾಜ್ಯವನ್ನು ನಡೆಸುವ ಹೊಣೆ ದಿವಾನ್ ಪೂರ್ಣಯ್ಯನವರದು. ಮೇಲ್ವಿಚಾರಣೆ ಕುಂಪಣಿಯ ರೆಸಿಡೆಂಟರದು. ಸೈನ್ಯದ ಖರ್ಚಿಗೆಂದು ಕುಂಪಣಿಗೆ ವರ್ಷಕ್ಕೆ ಏಳು ಲಕ್ಷ ವರಹ, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕೊಡತಕ್ಕದ್ದೆಂದು ಕರಾರಾಯಿತು. ಹಣ ಬರುವುದು ಸಂದೇಹವೆಂದು ಕುಂಪಣಿಗೆ ತೋರಿದರೆ ರಾಜ್ಯವನ್ನು ತಾನೇ ವಹಿಸಿಕೊಳ್ಳಬಹುದೆಂಬ ಒಂದು ಕಲಮನ್ನೂ ಅದರೊಳಗೆ ಸೇರಿಸಿದ್ದರು. ಈ ಕಲಮನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಸಣ್ಣ ಮಾತು. ಬಾಲರಾಜರ ಆಳ್ವಿಕೆಗೆ ಮೊದಲ ಕಂಟಕನಾಗಿ ಬಂದವನು ನಮ್ಮ ಚನ್ನಗಿರಿಯಲ್ಲೇ ಹುಟ್ಟಿದ ಧೋಂಡಿಯ ವಾಘ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ, ಚದುರಿದ ಸೈನಿಕರನ್ನು ಕೂಡಿಸಿಕೊಂಡು, ಉಭಯ ಲೋಕಗಳಿಗೂ ಒಡೆಯನೆಂದು ಬಿರುದು ಧರಿಸಿ, 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಎದುರು ಮಡಿದವನು. ಚನ್ನಗಿರಿಯ ಸೀಮೆ ಅರಮನೆಗೆ ಸುಲಭವಾಗಿ ಒಗ್ಗಿದ ಸೀಮೆಯಲ್ಲವೆಂದು ತೋರಿಸಲಿಕ್ಕೆ ಇದನ್ನು ಹೇಳಿದೆ.

ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟು ಮರುವರ್ಷವೇ ತೀರಿಕೊಂಡರು. ಅವರು ಬೊಕ್ಕಸದಲ್ಲಿ ಬಿಟ್ಟುಹೋದದ್ದು ಎರಡು ಕೋಟಿ ರೂಪಾಯಿಗೂ ಮಿಕ್ಕಿತ್ತೆಂದು ಹೇಳುತ್ತಾರೆ. ಹದಿನೇಳು ವರ್ಷದ ಯುವಕರ ಕೈಗೆ ಅದು ಬಂದಿತು. ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಎರಡು ಬಗೆಯಾಗಿ ಹೇಳಬಹುದು, ಎರಡೂ ನಿಜವೇ. ಒಂದು ಬಗೆಯಲ್ಲಿ ಆ ಅರಮನೆ ಕಲೆಗಳ ತವರು. ಸಂಗೀತಗಾರರು, ಚಿತ್ರಕಾರರು, ಪಂಡಿತರು, ಜೋಯಿಸರು ತಂಡತಂಡವಾಗಿ ಬರುತ್ತಿದ್ದರು. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಈ ದೊರೆಗಳ ಆಶ್ರಯದಲ್ಲೇ ರಚಿತವಾಯಿತು. 1827ರಲ್ಲಿ ಚಾಮುಂಡಿ ಬೆಟ್ಟದ ಗೋಪುರವೆದ್ದಿತು. ದಸರಾ ದರ್ಬಾರಿನ ವೈಭವ ದೂರದೂರಕ್ಕೆ ಹೆಸರಾಯಿತು. ಇನ್ನೊಂದು ಬಗೆಯಲ್ಲಿ ಬೊಕ್ಕಸ ಕೆಲವೇ ವರ್ಷಗಳಲ್ಲಿ ಬರಿದಾಯಿತು, ಸಾಲ ಬೆಳೆಯಿತು, ಸಿಲ್ಲೇದಾರ ಕುದುರೆಪಡೆಯ ಸಂಬಳ ತಿಂಗಳುಗಟ್ಟಲೆ ನಿಂತಿತು. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ತಾನೇ ಬಂದು, ಪರಿಸ್ಥಿತಿ ಹೀಗೇ ಸಾಗಿದರೆ ಕುಂಪಣಿ ಕೈಹಾಕಬೇಕಾಗುವುದೆಂದು ಎಚ್ಚರಿಕೆ ಕೊಟ್ಟುಹೋದನು.

ದೊರೆಗಳು ಸ್ವಭಾವತಃ ಉದಾರಿಗಳು, ಬೇಡಿದವರಿಗೆ ಇಲ್ಲವೆನ್ನಲಾರದವರು. ಆ ಉದಾರತೆಗೆ ಹಣ ಎಲ್ಲಿಂದ ಬರಬೇಕು? ಅದು ಬಂದದ್ದು ಶರತ್ತು ಎಂಬ ಪದ್ಧತಿಯಿಂದ. ಇದನ್ನು ಸ್ವಲ್ಪ ವಿವರಿಸಬೇಕು. ಅಮಲ್ದಾರನಾಗಬಯಸುವವನು ತನ್ನ ತಾಲ್ಲೂಕಿನಿಂದ ಇಷ್ಟು ಕಂದಾಯವನ್ನು ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಶರತ್ತು ಬರೆದುಕೊಡಬೇಕು. ಹೆಚ್ಚು ಒಪ್ಪಿಕೊಂಡವನಿಗೆ ಕೆಲಸ. ಮಳೆ ಬರಲಿ ಬಿಡಲಿ, ಧಾರಣೆ ಏರಲಿ ಇಳಿಯಲಿ, ಶರತ್ತಿನ ಮೊಬಲಗು ಖಜಾನೆಗೆ ತಲುಪಲೇಬೇಕು. ಅಮಲ್ದಾರನಿಗೆ ತನ್ನ ಲಾಭವೂ ಬೇಕಷ್ಟೆ. ಅವನು ಅದನ್ನು ಶಾನುಭೋಗ ಪಟೇಲರ ಮೇಲೆ ಹಾಕುತ್ತಾನೆ. ಅವರು ರೈತನ ಮೇಲೆ ಹಾಕುತ್ತಾರೆ. ರೈತನಿಗೆ ಹಾಕಲು ಇನ್ನಾರೂ ಇಲ್ಲ. ನೆಲದ ಕಂದಾಯ ಸಾಲದೆ ಹೋದಾಗ ಬಗೆಬಗೆಯ ಸಣ್ಣ ತೆರಿಗೆಗಳು ಹುಟ್ಟಿಕೊಂಡವು. ಮುಂದೆ ಇಂಗ್ಲಿಷ್ ಕಮಿಷನರರು ಎಣಿಸಿ ರದ್ದುಮಾಡಿದ ಇಂಥ ಬಾಬುಗಳು 769 ಇದ್ದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ. ಇವೆಲ್ಲ ಮುಮ್ಮಡಿಯವರೇ ಕಟ್ಟಿದವಲ್ಲ, ಎಷ್ಟೋ ಹಿಂದಿನಿಂದ ಬಂದವು. ಆದರೆ ಶರತ್ತಿನ ಕೈಗೆ ಸಿಕ್ಕಿ ಎಲ್ಲವೂ ಹರಿತವಾದವು.

ನಗರ ಫೌಜುದಾರಿಯಲ್ಲಿ, ಎಂದರೆ ಹಳೆಯ ಕೆಳದಿ ಅರಸರ ಸೀಮೆಯಲ್ಲಿ, ಇದು ಇನ್ನಷ್ಟು ಕೆಟ್ಟಿತ್ತು. ಅಲ್ಲಿ ಬಹುಕಾಲ ಫೌಜುದಾರನಾಗಿದ್ದ ರಾಮರಾಯನೂ ಅವನ ಬಳಗವೂ ಅಮಲ್ದಾರಿಗಳನ್ನು ತಮ್ಮೊಳಗೇ ಹಂಚಿಕೊಂಡಿದ್ದರು. ರೈತರಿಗೆ ಬಿಟ್ಟುಕೊಟ್ಟಿದ್ದ ಹಳೆಯ ಬಾಕಿಗಳನ್ನು ಮುಂದೆ ಮತ್ತೆ ಕೆದಕಿ ಕೇಳಲಾಯಿತು. ಒಮ್ಮೆ ಮಾಫಿ ಎಂದ ಸಾಲವನ್ನು ಮತ್ತೆ ಕೇಳುವುದಕ್ಕಿಂತ ರೈತನನ್ನು ಕೆರಳಿಸುವ ಮಾರ್ಗ ಇನ್ನೊಂದಿಲ್ಲ. ಒಕ್ಕಲುತನದ ಮನೆಯವನಾದ ನನಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ನಮ್ಮ ನಾಡಿನ ರೈತರಿಗೆ ಕೂಟ ಎಂಬ ಹಳೆಯ ಪದ್ಧತಿಯೊಂದಿತ್ತು. ಅನ್ಯಾಯ ಮಿತಿಮೀರಿದಾಗ ನೇಗಿಲನ್ನು ನಿಲ್ಲಿಸಿ, ಹಳ್ಳಿಗಳನ್ನು ಬಿಟ್ಟು, ಒಂದು ಬಯಲಿನಲ್ಲೋ ದೇವಸ್ಥಾನದ ಬಳಿಯಲ್ಲೋ ಸೇರಿ, ಮೊರೆಯನ್ನು ಕೇಳುವ ತನಕ ಕದಲದೆ ಕೂರುವುದು. ಅದು ಯುದ್ಧವಲ್ಲ, ನಾವು ಇಂದು ಮುಷ್ಕರವೆನ್ನುವುದಕ್ಕೆ ಹತ್ತಿರ. ಅದೇ ಕಾಲದಲ್ಲಿ ಘಟ್ಟದ ಕೆಳಗೆ ಕುಂಪಣಿಯ ಕನ್ನಡ ಜಿಲ್ಲೆಯಲ್ಲೂ ಇಂಥ ಕೂಟಗಳು ನಡೆದವು. 1830ರ ದ್ವಿತೀಯಾರ್ಧದಲ್ಲಿ ನಗರ ಸೀಮೆಯ ಪಟೇಲರೂ ರೈತರೂ ಊರೂರಿಗೆ ಓಲೆ ಕಳುಹಿಸಿ ಕೂಟಕ್ಕೆ ಕರೆದರು. ಕೂಡಬೇಕಾದ ಸ್ಥಳ ಬಸವಾಪಟ್ಟಣ. ನಾನು ಎಷ್ಟು ಸಲ ಬಸ್ಸಿನಲ್ಲಿ ಆ ಊರನ್ನು ಹಾದುಹೋಗಿದ್ದೇನೆಂದು ಲೆಕ್ಕವಿಲ್ಲ. ತರೀಕೆರೆಯ ಪಾಳೆಯಗಾರರ ಮೂಲ ನೆಲೆ ಅದೇ ಊರು. ಆಮೇಲೆ ಅವರು ಸಂತೇಬೆನ್ನೂರಿನಲ್ಲಿದ್ದು, ಬಿಜಾಪುರದವರ ಒತ್ತಡದಿಂದ ತರೀಕೆರೆಯತ್ತ ಸರಿದವರು. ಆ ವಂಶದ ಸರ್ಜಾ ಹನುಮಪ್ಪ ನಾಯಕ ಅದೇ ವೇಳೆಗೆ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಕಾಮನದುರ್ಗವನ್ನು ಹಿಡಿದನು.

ಇವರ ಜೊತೆಗೆ ಇನ್ನೊಬ್ಬನು ಸೇರಿಕೊಂಡನು. ಅವನ ಹೆಸರು ಸಾದರ ಮಲ್ಲ. ಜನ ಕರೆದದ್ದು ಬೂದಿ ಬಸವಪ್ಪನೆಂದು. ಕೆಳದಿಯ ಅರಸರ ಮುದ್ರೆಯುಂಗುರಗಳನ್ನು ಒಬ್ಬ ಜಂಗಮನಿಂದ ಪಡೆದು, ತಾನೇ ಆ ವಂಶದ ಉಳಿದ ಕುಡಿ, ನಗರದ ಖಾವಂದ ಎಂದು ಹೇಳಿಕೊಳ್ಳುತ್ತಿದ್ದನು. ಅವನ ಮಾತು ಸುಳ್ಳೆಂದು ಇತಿಹಾಸಕಾರರು ಒಕ್ಕೊರಲಿನಿಂದ ಹೇಳುತ್ತಾರೆ. ಆದರೆ ಹೈದರಾಲಿ 1763ರಲ್ಲಿ ಅಳಿಸಿಹಾಕಿದ ಒಂದು ಅರಸುಮನೆಯ ಹೆಸರು ಅರವತ್ತೇಳು ವರ್ಷಗಳ ಮೇಲೂ ಸಾವಿರಾರು ರೈತರನ್ನು ಎಬ್ಬಿಸಿತೆಂಬುದನ್ನು ಗಮನಿಸಬೇಕು. ರೈತರ ಕಂದಾಯವನ್ನು ಇಳಿಸುವೆನೆಂಬ ಆಸೆಯನ್ನೂ ಅವನು ಹುಟ್ಟಿಸಿದ್ದನು. ಆಸೆ ತೋರಿಸಿದವನು ಸುಳ್ಳುಗಾರನಾದರೂ ರೈತನ ಸಂಕಟ ಸುಳ್ಳಾಗಿರಲಿಲ್ಲ.

ಕೂಟಗಳ ಮೇಲೆ ಸರ್ಕಾರದ ಪಡೆ ಬಲಪ್ರಯೋಗ ಮಾಡಿತು, ಕೆಲವರು ಸತ್ತರು. ಅಲ್ಲಿಂದಾಚೆಗೆ ಕೂಟ ದಂಗೆಯಾಯಿತು. ದಂಗೆಯವರ ಕೈಯೂ ಶುದ್ಧವಾಗಿತ್ತೆಂದು ನಾನು ಹೇಳಲಾರೆ. ಅವರು ಲೂಟಿ ಮಾಡಿದರು. ಅವರನ್ನು ಸೇರಿಕೊಂಡವರಲ್ಲಿ ನ್ಯಾಯ ಕೇಳುವವರಷ್ಟೇ ಸಮಯ ಸಾಧಿಸುವವರೂ ಇದ್ದರು. ಹೊನ್ನಾಳಿಯೇ ಮೊದಲಾದ ಊರುಗಳು ಅವರ ವಶವಾದವು. ಆನಂದಪುರದ ಬಳಿ ಸರ್ಕಾರದ ಪಡೆಯೊಂದು ಅವರ ನಡುವೆ ಸಿಕ್ಕಿಬಿದ್ದಿತು.

ಇತ್ತ ದೊರೆಗಳು 1830ರ ಡಿಸೆಂಬರಿನಲ್ಲಿ ಸ್ವತಃ ಸೈನ್ಯದೊಡನೆ ಚನ್ನರಾಯಪಟ್ಟಣದ ಕಡೆಗೆ ಹೊರಟರು. ಆ ಸಂಚಾರದಲ್ಲಿ ಹಿಡಿದು ತಂದವರ ಪೈಕಿ ಕೆಲವರನ್ನು ಗಲ್ಲಿಗೇರಿಸಲಾಯಿತು, ಕೆಲವರ ಮೂಗು ಕಿವಿಗಳನ್ನು ಕೊಯ್ಯಲಾಯಿತು. ದೊರೆಗಳು ಮೈಸೂರಿಗೆ ಹಿಂದಿರುಗಿದರು. ದಿವಾನ್ ವೆಂಕಟೇ ಅರಸಿನವರು ನಗರ ಸೀಮೆಯತ್ತ ನಡೆದರು. ಲೆಫ್ಟಿನೆಂಟ್ ರೋಚ್‌ಫರ್ಟ್ ಎಂಬ ಆಂಗ್ಲ ಅಧಿಕಾರಿಯೊಬ್ಬನು ಕಾಮನದುರ್ಗದ ಕೆಲಸ ಮುಗಿಸಿಕೊಂಡು ಸೈನ್ಯದೊಡನೆ ಹೊನ್ನಾಳಿಗೆ ಬಂದನು. 1831ರ ಮಾರ್ಚಿಯಲ್ಲಿ ಏಣಿ ಹಾಕಿ ಗೋಡೆ ಹತ್ತಿ ಹೊನ್ನಾಳಿಯನ್ನು ಹಿಡಿದರು. ಹಿಡಿದ ಮೇಲೆ ದಂಗೆಯವರಲ್ಲಿ 99 ಮಂದಿಯನ್ನು ಗಲ್ಲಿಗೆ ಹಾಕಿದರು. ಊರ ಬಾಗಿಲುಗಳ ಮುಂದೆಯೂ, ಹೋಗಿಬರುವವರ ಕಣ್ಣಿಗೆ ಬೀಳುವ ಹಲವು ಸ್ಥಳಗಳಲ್ಲಿಯೂ ನೇತುಹಾಕಿದರು.

ಈ ವಾಕ್ಯ ಗ್ಯಾಸೆಟಿಯರಿನಲ್ಲಿ ಇಷ್ಟೇ ಚಿಕ್ಕದಾಗಿ ಬರುತ್ತದೆ. ಅದರ ಹಿಂದೆ ಸೈನ್ಯದ ಚಲನೆ, ಅದರ ಮುಂದೆ ಸೈನ್ಯದ ಚಲನೆ. ಓದುತ್ತಿದ್ದವನು ನಾನು ಅಲ್ಲಿಯೇ ನಿಂತೆ. ತೊಂಬತ್ತೊಂಬತ್ತು ಎಂಬುದು ಎಣಿಸಿದ ಸಂಖ್ಯೆ. ಯಾರೋ ನಿಂತು ಎಣಿಸಿದ್ದಾರೆ, ಎಣಿಸಿ ಬರೆದಿದ್ದಾರೆ. ಹೆಸರು ಮಾತ್ರ ಬರೆಯಲಿಲ್ಲ. ಯಾವ ಹಳ್ಳಿಯವರು, ಎಷ್ಟು ಮಂದಿ ಕತ್ತಿ ಹಿಡಿದವರು, ಎಷ್ಟು ಮಂದಿ ಕಂದಾಯದ ಮೊರೆಗೆಂದು ಬಂದು ಸಿಕ್ಕಿಕೊಂಡವರು, ಯಾರು ವಿಚಾರಣೆ ಮಾಡಿದರು, ಮಾಡಿದರೇ ಎಂಬುದು ನಾನು ನೋಡಿದ ಯಾವ ಪುಸ್ತಕದಲ್ಲೂ ಇಲ್ಲ.

ಒಂದು ಭಾನುವಾರ ನಾನು ಹೊನ್ನಾಳಿಗೆ ಹೋದೆ. ಹೊಳೆಯ ದಂಡೆಯಿಂದ ಕೋಟೆಯ ಕಡೆಯ ಬೀದಿಗಳಲ್ಲಿ ಸುತ್ತಾಡಿದೆ. ಒಬ್ಬಿಬ್ಬರು ಹಿರಿಯರನ್ನು ಕೇಳಿದೆ. ಒಬ್ಬರು ನನ್ನನ್ನು ಯಾವುದೋ ಸರ್ವೇ ಇಲಾಖೆಯವನೆಂದು ತಿಳಿದು ತಮ್ಮ ಹಿತ್ತಲಿನ ಗಡಿಯ ವ್ಯಾಜ್ಯವನ್ನು ಹೇಳತೊಡಗಿದರು. ಇನ್ನೊಬ್ಬರು ಚಹಾ ಕುಡಿಸಿ, ತಮ್ಮ, ಅಷ್ಟು ಹಿಂದಿನದು ಈಗ ಯಾಕೆ ಎಂದು ಕೇಳಿ ಸುಮ್ಮನಾದರು. ಒಂದು ಕಲ್ಲು, ಒಂದು ಬರಹ ನನ್ನ ಕಣ್ಣಿಗೆ ಬೀಳಲಿಲ್ಲ. ಸಂಜೆಯ ಬಸ್ಸಿಗೆ ವಾಪಸು ಬಂದೆ.

ಆ ವಾರ ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ಮೈಸೂರಿನ ಕಡೆಯ ಗೆಳೆಯನೊಬ್ಬನಿಗೆ ಬಹಳ ಬೇಸರವಾಯಿತು. ಅವರ ಮನೆಯ ನಡುಮನೆಯಲ್ಲಿ ಮುಮ್ಮಡಿಯವರ ಚಿತ್ರಪಟವಿದೆ. ದಸರೆಗೆ ಅದಕ್ಕೆ ಹೂವೇರಿಸುತ್ತಾರೆ. ನಾನು ಆ ದೊರೆಗಳನ್ನು ಕೊಲೆಗಾರರೆನ್ನುತ್ತಿದ್ದೇನೆಂದು ಅವನು ತಿಳಿದನು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ನಾನು ಮೇಷ್ಟ್ರ ಬಳಿಗೆ ಹೋಗಿ, ಇದನ್ನು ಬಿಟ್ಟು ಗ್ರಂಥಗಳ ವಿಚಾರವನ್ನೇ ಬರೆಯಲೇ ಎಂದು ಕೇಳಿದೆ. ಅವರು ನೇರವಾಗಿ ಉತ್ತರಿಸದೆ, ಆ ನೇಣಿಗೆ ಅಪ್ಪಣೆ ಕೊಟ್ಟವರಾರೆಂದು ನನ್ನನ್ನೇ ತಿರುಗಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾದರೆ ಉತ್ತರವಿಲ್ಲವೆಂಬುದನ್ನೇ ನೆಟ್ಟಗೆ ಬರೆ ಎಂದರು.

ಆದ್ದರಿಂದ ಬರೆಯುತ್ತೇನೆ. ಹೊನ್ನಾಳಿಯ ಬಾಗಿಲಿನಲ್ಲಿ ಮುಮ್ಮಡಿಯವರು ಇರಲಿಲ್ಲ. ಅವರ ಹೆಸರಿನ ಸೈನ್ಯವಿತ್ತು. ಮುಂದೆ ನಿಂತವನು ಆಂಗ್ಲ ಅಧಿಕಾರಿ. ಹಿಂದೆ ದಿವಾನರು, ಬಕ್ಷಿಗಳು. ಎಲ್ಲರ ಬೆನ್ನ ಹಿಂದೆ ರೆಸಿಡೆಂಟ್ ಕ್ಯಾಸಮೇಜರ್. ಅವರ ಸ್ವಭಾವ ಕ್ರೂರವಾದದ್ದಲ್ಲವೆಂಬುದನ್ನು, ಅವರಿಂದ ರಾಜ್ಯವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕನೇ ಮುಂದೆ ಅವರನ್ನು ಕಂಡು ಒಪ್ಪಿಕೊಂಡನು. ಇಷ್ಟು ಮೃದುವಾದ ಮನುಷ್ಯನ ಆಳ್ವಿಕೆಯಲ್ಲಿ ಇಷ್ಟು ಕಠಿಣವಾದ ಕೆಲಸ ಹೇಗೆ ನಡೆಯಿತು? ನನಗೆ ತೋರುವ ಮಟ್ಟಿಗೆ ಶರತ್ತು ಪದ್ಧತಿಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಕಂದಾಯ ಹೇಗೆ ಕೈಯಿಂದ ಕೈಗೆ ಇಳಿದು ರೈತನ ಹೆಗಲಿಗೆ ಬಂದಿತೋ, ಅಪ್ಪಣೆಯೂ ಹಾಗೆಯೇ ಇಳಿಯಿತು. ದಂಗೆಯನ್ನು ಅಡಗಿಸಿ ಎಂಬುದು ಅರಮನೆಯ ಮಾತು. ಅದು ಹಗ್ಗವಾದದ್ದು ಹೊನ್ನಾಳಿಯಲ್ಲಿ. ನಡುವೆ ಇದ್ದ ಪ್ರತಿಯೊಬ್ಬನೂ ತನ್ನ ಪಾಲು ಸ್ವಲ್ಪವೆಂದುಕೊಂಡಿರಬೇಕು. ಹಾಗೆಂದು ದೊರೆಗಳನ್ನು ನಾನು ಬಿಡಲಾರೆ. ಚನ್ನರಾಯಪಟ್ಟಣದ ಸಂಚಾರದಲ್ಲಿ ಅವರು ಸ್ವತಃ ಇದ್ದರು.

ಈಚಿನ ಕಾಲದಲ್ಲಿ ಜನಾಂಗಹತ್ಯೆ ಎಂಬ ಮಾತು ಪ್ರಚಾರದಲ್ಲಿದೆ. ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ನ್ಯಾಯಶಾಸ್ತ್ರಜ್ಞನು ಅದರ ಇಂಗ್ಲಿಷ್ ಪದವನ್ನು 1944ರಲ್ಲಿ ಸೃಷ್ಟಿಸಿದನು. ವಿಶ್ವಸಂಸ್ಥೆ 1948ರ ಡಿಸೆಂಬರ್ 9ರಂದು ಅದನ್ನು ಅಪರಾಧವೆಂದು ಒಪ್ಪಂದ ಮಾಡಿತು. ಹೊನ್ನಾಳಿಯದು ಆ ಲಕ್ಷಣಕ್ಕೆ ಸೇರುವುದಿಲ್ಲ. ಒಂದು ಜನಾಂಗವನ್ನು ಜನಾಂಗವೆಂಬ ಕಾರಣಕ್ಕೆ ಅಳಿಸುವ ಉದ್ದೇಶ ಅಲ್ಲಿರಲಿಲ್ಲ. ಮಾತನ್ನು ಸಡಿಲವಾಗಿ ಬಳಸಬಾರದು. ಅದೇ 1830ರಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ, ಟಾಸ್ಮೇನಿಯ ದ್ವೀಪದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಬಿಳಿಯರು ಸಾಲಾಗಿ ನಿಂತು ಬೇಟೆಯಲ್ಲಿ ಸೋವುವಂತೆ ಮೂಲನಿವಾಸಿಗಳನ್ನು ಸೋವಿದರು. ಅದೇ 1830ರಲ್ಲಿ ಅಮೆರಿಕದ ಅಧ್ಯಕ್ಷ ಜಾಕ್ಸನ್ ಸಹಿ ಹಾಕಿದ ಕಾಯಿದೆಯಂತೆ ಅಲ್ಲಿಯ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದರು. ಚೆರೋಕಿ ಜನರಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಆ ನಡಿಗೆಯಲ್ಲಿ ಸತ್ತರೆಂದು ಹೇಳುತ್ತಾರೆ. ಇವುಗಳ ಮುಂದೆ ಹೊನ್ನಾಳಿ ಚಿಕ್ಕದು. ಆದರೆ ಚಿಕ್ಕದೆಂದು ಬಿಟ್ಟುಬಿಡುವುದು ಹೊನ್ನಾಳಿಯವರಿಂದ ಆಗಲಿ, ನಮ್ಮಿಂದ ಆಗಲಿ ಆಗತಕ್ಕ ಮಾತಲ್ಲ.

ನೇಣುಗಳಿಂದ ದಂಗೆ ನಿಂತಿತೇ? ಇಲ್ಲ. ಸರ್ಕಾರದ ಪಡೆ ಸಾಲದೆ ದೊರೆಗಳು ಕುಂಪಣಿಯ ಸೈನ್ಯವನ್ನು ಬೇಡಬೇಕಾಯಿತು. ಕರ್ನಲ್ ಇವಾನ್ಸನ ದಂಡು ಫತೇಪೇಟೆಯಲ್ಲಿ ಒಮ್ಮೆ ಹಿಮ್ಮೆಟ್ಟಿ, ಶಿವಮೊಗ್ಗಕ್ಕೆ ಬಂದು, ಮತ್ತೆ ಹೊರಟು 1831ರ ಜೂನ್ 12ರಂದು ನಗರವನ್ನು ಹಿಡಿಯಿತು. ಸರ್ಜಾ ಹನುಮಪ್ಪ ನಾಯಕನು 1834ರಲ್ಲಿ ಸಿಕ್ಕಿ ಗಲ್ಲಿಗೇರಿದನು.

ಅಷ್ಟರಲ್ಲಿ ದೊರೆಗಳ ಕೈಯಲ್ಲಿ ರಾಜ್ಯವೇ ಇರಲಿಲ್ಲ. ಮದರಾಸಿನ ವರದಿಗಳನ್ನು ನಂಬಿ, 1799ರ ಕರಾರಿನ ಆ ಕಲಮನ್ನು ಮುಂದೆಮಾಡಿ, ಬೆಂಟಿಂಕನು 1831ರ ಸೆಪ್ಟೆಂಬರಿನಲ್ಲಿ ಕಾಗದ ಬರೆದನು. ಅಕ್ಟೋಬರ್ 19ರಂದು ಮುಮ್ಮಡಿಯವರು ಯಾವ ಪ್ರತಿಭಟನೆಯೂ ಇಲ್ಲದೆ ಆಡಳಿತವನ್ನು ಒಪ್ಪಿಸಿಕೊಟ್ಟರು. ಆಗ ಅವರಿಗೆ ಮೂವತ್ತೇಳು ವರ್ಷ. ದಂಗೆಯ ಕಾರಣವನ್ನು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ನೇಮಕವಾಗಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ: ರೈತರಿಗೂ ಹೀಗೆಯೇ ಆಯಿತು, ದೊರೆಗೂ ಹೀಗೆಯೇ ಆಯಿತು. ದೊರೆಗೆ ಮಾತ್ರ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯೂ, ರಾಜ್ಯದ ನಿವ್ವಳ ಆದಾಯದಲ್ಲಿ ಐದರಲ್ಲೊಂದು ಪಾಲೂ ಉಳಿಯಿತು. ತಾನು ಅವಸರಪಟ್ಟೆನೆಂದು ಬೆಂಟಿಂಕನಿಗೆ ಆಮೇಲೆ ಅನಿಸಿ, ರಾಜ್ಯದ ಒಂದು ಭಾಗವನ್ನಾದರೂ ಹಿಂದಕ್ಕೆ ಕೊಡಬೇಕೆಂದು 1834ರಲ್ಲಿ ಸಲಹೆ ಮಾಡಿದನು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ.

ಮುಂದಿನ ಮೂವತ್ತಾರು ವರ್ಷಗಳು ರಾಜ್ಯವಿಲ್ಲದ ರಾಜರ ಜೀವನ. ನಮ್ಮ ಪಠ್ಯಪುಸ್ತಕಗಳು ಕೊಂಡಾಡುವ ಮುಮ್ಮಡಿಯವರು ಬಹುಪಾಲು ಈ ಕಾಲದವರು. 1833ರಲ್ಲಿ ಅವರ ಶಾಲೆ ಮೈಸೂರಿನಲ್ಲಿ ಆರಂಭವಾಯಿತು. ಮಹಾರಾಜಾ ಕಾಲೇಜಿನ ಬೇರು ಅದು. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ತರಿಸಿ ಕೃಷ್ಣರಾಜವಾಣೀವಿಲಾಸವೆಂದು ಹೆಸರಿಟ್ಟರು. 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ಎಲ್ಲಕ್ಕಿಂತ ದೊಡ್ಡದು ಶ್ರೀತತ್ತ್ವನಿಧಿ: ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಮಹಾಗ್ರಂಥ. ದೇವದೇವತೆಗಳ ಒಂದೊಂದು ರೂಪಕ್ಕೂ ಬಣ್ಣ, ಆಯುಧ, ವಾಹನ, ಕೈಗಳ ಸಂಖ್ಯೆಯನ್ನು ಹೇಳಿ ಚಿತ್ರ ಬರೆಸಿದ್ದಾರೆ. ಅದರ ಅಚ್ಚಾದ ಪುಟಗಳನ್ನು ನೋಡುವಾಗ ನನಗೆ ಸಂತೋಷವೂ ಆಯಿತು, ಇನ್ನೊಂದು ಯೋಚನೆಯೂ ಬಂದಿತು. ಯಾವ ರೂಪವೂ ಬಿಟ್ಟುಹೋಗಬಾರದೆಂದು ಇಷ್ಟು ಶ್ರದ್ಧೆಯಿಂದ ಪಟ್ಟಿಮಾಡಿಸಿದವರ ಕಚೇರಿಯಲ್ಲಿ ಹೊನ್ನಾಳಿಯ ತೊಂಬತ್ತೊಂಬತ್ತು ಹೆಸರುಗಳ ಪಟ್ಟಿ ಆಗಿರಲಿಲ್ಲವೇ? ಆಗಿದ್ದರೆ ಆ ಕಡತ ಎಲ್ಲಿ ಹೋಯಿತು? ನಮ್ಮಲ್ಲಿ ಮುಂದೆ ಎಂ.ಎ. ಓದಲು ಮೈಸೂರಿಗೆ ಹೋಗುವವರು ಹುಡುಕಬಹುದಾದ ಕೆಲಸವಿದು.

ರಾಜ್ಯವನ್ನು ಹಿಂದಕ್ಕೆ ಪಡೆಯಬೇಕೆಂಬ ಹಂಬಲವನ್ನು ದೊರೆಗಳು ಬಿಡಲಿಲ್ಲ. ಹಾರ್ಡಿಂಜ್, ಡಾಲ್‌ಹೌಸಿ, ಕ್ಯಾನಿಂಗ್, ಎಲ್ಗಿನ್, ಲಾರೆನ್ಸ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಬಂದುಹೋದರು. ಕಾಗದಗಳು ಹೋಗುತ್ತಲೇ ಇದ್ದವು. 1857ರ ಬಿರುಗಾಳಿಯಲ್ಲಿ ಅವರು ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಆ ನಿಷ್ಠೆಯನ್ನು ನಾವು ಇಂದು ಹೇಗಾದರೂ ತೂಗಬಹುದು. ರಾಜ್ಯ ಕಳೆದುಕೊಂಡ ಮುದುಕರೊಬ್ಬರ ಲೆಕ್ಕಾಚಾರ ಅದರಲ್ಲಿದ್ದೇ ಇತ್ತು. ಇತ್ತ ನಮ್ಮ ಸೀಮೆಯಲ್ಲಿ ಕಮಿಷನರರ ಆಡಳಿತ ಶರತ್ತು ಪದ್ಧತಿಯನ್ನು ತೆಗೆದುಹಾಕಿತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರನಾಗಿದ್ದನು. ಕೂಟ ಕೂಡಿದ ರೈತರು ಕೇಳಿದ್ದರಲ್ಲಿ ಎಷ್ಟೋ ಪಾಲನ್ನು ಹೀಗೆ ಪರಕೀಯರ ಸರ್ಕಾರ ಕೊಟ್ಟಿತು. ದೊರೆಗಳೇ ಬಸವಾಪಟ್ಟಣದ ಕೂಟಕ್ಕೆ ಬಂದು ಅದನ್ನು ಕೊಟ್ಟಿದ್ದರೆ ಬಹುಶಃ ಹೊನ್ನಾಳಿಯೂ ಆಗುತ್ತಿರಲಿಲ್ಲ, ಅಕ್ಟೋಬರ್ 19ರ ದಿನವೂ ಬರುತ್ತಿರಲಿಲ್ಲ. ಇದು ನನ್ನ ಊಹೆ. ಮೇಷ್ಟ್ರು ಈ ಸಾಲಿನ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಾರೆ, ಆದರೂ ಇರಲಿ ಎಂದಿದ್ದಾರೆ.

ಮೈಸೂರಿನ ಗೆಳೆಯನು ಈ ಲೇಖನದ ಕರಡನ್ನು ಓದಿದನು. ಓದಿ ಹೆಚ್ಚೇನೂ ಹೇಳಲಿಲ್ಲ. ಬೆಟ್ಟದ ಗೋಪುರದ ಇಸವಿ ಸರಿಯಾಗಿದೆಯೆಂದು ಒಪ್ಪಿ, ದೊರೆಗಳ ಹುಟ್ಟಿದ ತಾರೀಖನ್ನು ನಾನು ತಪ್ಪಾಗಿ ಬರೆದಿದ್ದುದನ್ನು ತಿದ್ದಿಕೊಟ್ಟನು. ಮುಂದಿನ ರಜೆಯಲ್ಲಿ ನಮ್ಮೂರಿಗೆ ಬಂದು ಸೂಳೆಕೆರೆ ನೋಡುತ್ತೇನೆಂದಿದ್ದಾನೆ. ಬಂದರೆ ಹೊನ್ನಾಳಿಗೂ ಕರೆದುಕೊಂಡು ಹೋಗುವೆನು.

ಗಂಡು ಸಂತಾನವಿಲ್ಲದ ದೊರೆಗಳು 1865ರ ಜೂನ್ 18ರಂದು ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ದತ್ತಕವನ್ನು ಅಂಗೀಕರಿಸುವುದಿಲ್ಲವೆಂದು ಕಲ್ಕತ್ತೆಯಿಂದ ಉತ್ತರ ಬಂದಿತು. ಇವರ ಪರವಾಗಿ ಲಂಡನ್ನಿನಲ್ಲಿ ವಾದ ನಡೆಯಿತು. 1867ರಲ್ಲಿ ಅಲ್ಲಿಯ ಸರ್ಕಾರ ಮನಸ್ಸು ಬದಲಿಸಿ, ಮಗು ಪ್ರಾಯಕ್ಕೆ ಬಂದಾಗ ರಾಜ್ಯವನ್ನು ಹಿಂದಕ್ಕೆ ಕೊಡುವುದೆಂದು ನಿಶ್ಚಯಿಸಿತು. ಸುದ್ದಿ ತಿಳಿದ ಮೇಲೆ ದೊರೆಗಳು ಹೆಚ್ಚು ದಿನ ಬದುಕಲಿಲ್ಲ. 1868ರ ಮಾರ್ಚ್ 27ರಂದು ಮೈಸೂರಿನ ಅರಮನೆಯಲ್ಲಿ, ಎಪ್ಪತ್ತಮೂರು ತುಂಬಿ ಎಪ್ಪತ್ತನಾಲ್ಕು ನಡೆಯುತ್ತಿರುವಾಗ, ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರರಿಗೆ ಪಟ್ಟ ಕಟ್ಟಿದರು. ಬಾಲಕನಿಗೆ ಆಗ ಐದು ವರ್ಷ.